ನನ್ನ ತಮ್ಮನ ಎಡಗೈ ನೇಪಾಳಿ

ನೇಪಾಳಕ್ಕೆ ಹೋಗಿ ನನ್ನ ತಮ್ಮ ಪುಣ್ಯವನ್ನೂ ತರಲಿಲ್ಲ, ರುದ್ರಾಕ್ಷಿಯನ್ನೂ ತರಲಿಲ್ಲ. ಬಸ್ ಡ್ರೈವರುಗಳ ಪೋಲಿ ಮಾತು ಕಲಿತ, ಅದನ್ನೂ ಅಲ್ಲೇ ಬಿಟ್ಟು ಬಂದ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ಹಣೆಬರಹ.

ಅಜ್ಜಂಪುರದ ಮಂಡಿಯಲ್ಲಿ ಈರುಳ್ಳಿ ತೂಗುತ್ತಿದ್ದವನು ಅವನು. ಒಂದು ಚೀಲ ತಕ್ಕಡಿಯಿಂದ ಇಳಿಯುವುದರೊಳಗೆ ರೈತನ ಮೂರು ತಲೆಮಾರಿನ ಕಥೆ ಕೇಳಿ, ತನ್ನ ನಾಲ್ಕು ತಲೆಮಾರಿನದು ಹೇಳಿ ಮುಗಿಸುತ್ತಿದ್ದ! ಅಂಥವನು ಹೆಂಡತಿ ಸತ್ತ ಮೇಲೆ ಒಂದು ವರ್ಷ "ಹೂಂ" ಬಿಟ್ಟು ಬೇರೇನೂ ಆಡಲಿಲ್ಲ. ಕಡೂರಿನ ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, "ಗಂಟ್ಲಲ್ಲಿ ಏನೂ ಇಲ್ಲ ಕಣಮ್ಮ" ಎಂದರು. ಏನೂ ಇಲ್ಲ ಅನ್ನುವುದೇ ತಾನೇ ನನ್ನ ಗೋಳು! ದೇವರ ಎದುರಿಗಾದರೂ ಬಾಯಿ ಬಿಟ್ಟಾನು ಎಂದು, ತರೀಕೆರೆಯಿಂದ ಪಶುಪತಿನಾಥಕ್ಕೆ ಹೊರಟ ನಮ್ಮ ಯಾತ್ರೆಯ ಗುಂಪಿಗೆ ಅವನನ್ನೂ ಸೇರಿಸಿ, ಬೀರೂರಿನಲ್ಲಿ ರೈಲು ಹತ್ತಿಸಿದೆ.

ಗಡಿ ದಾಟಿ ಬಸ್ಸು ಹತ್ತಿದ ಮೊದಲ ದಿನವೇ ದಾರಿಯಲ್ಲಿ ಲಾರಿಗಳು ಸಿಕ್ಕಿಕೊಂಡು ನಿಂತವು. ನೇಪಾಳಿ ಡ್ರೈವರ್ ಸ್ಟೇರಿಂಗಿಗೆ ಗುದ್ದಿ, "ಝ್ಯಾವ್!" ಎಂದ. ಹಿಂದಿನಿಂದ ನನ್ನ ತಮ್ಮನೂ "ಝ್ಯಾವ್!" ಎಂದ. ಕಿರಿಕಿರಿ ಅಂತ ಅರ್ಥವಂತೆ. ವರ್ಷವಿಡೀ ನಾನು ಕಾಡಿ ಬೇಡಿದರೂ ತೆರೆಯದ ಬಾಯಿ ಲಾರಿಗಳಿಗೆ ತೆರೆಯಿತು!

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಡ್ರೈವರನ ಪಕ್ಕದಲ್ಲೇ ಕೂತು ಒಂದೊಂದು ಮಾತನ್ನೂ ಬಾಲ್‌ಪೆನ್ನಿನಲ್ಲಿ ಅಂಗೈಗೆ ಬರೆದುಕೊಂಡ. ಅಳಿಸಿಹೋಗುತ್ತದೆಂದು ಆ ಕೈಗೆ ನೀರು ಸೋಕಿಸಲಿಲ್ಲ. ಯಾವ ಕೈ ಅಂತೀರಿ? ಎಡಗೈ! ಎರಡು ದಿನ! ಗುಂಪಿನ ಹೆಂಗಸರೆಲ್ಲ ಹಿಂದಿನ ಸೀಟುಗಳಿಗೆ ಓಡಿದರು.

ಟೀ ಅಂಗಡಿಯ ಹೆಂಗಸನ್ನು "ಕೇ ಛ, ದಿದೀ?" ಎಂದು ಮಾತಾಡಿಸಿದ. ಏನ್ ಸಮಾಚಾರ ಅಕ್ಕಾ, ಅಂತ. ಟೀ ಕುಡಿದು "ದಾಮಿ!" ಎಂದ. ಭರ್ಜರಿ, ಅಂತ. ಅವಳು ನಕ್ಕು ಇನ್ನೊಂದು ಲೋಟ ಕೊಟ್ಟಳು. ನನಗೆ ಉರಿದುಹೋಯಿತು.

"ಲೇ, ಒಡಹುಟ್ಟಿದೋಳ್ಗೆ ಬರೀ ಹೂಂ, ಕಂಡೋರ್ಗೆಲ್ಲ ಪುರಾಣನೇನೋ?"

"ಅವ್ರಿಗೆ ಏನೂ ಗೊತ್ತಿಲ್ಲ ಕಣಕ್ಕ."

ಏನೂ ಗೊತ್ತಿಲ್ಲದವರ ಹತ್ತಿರ ಎಂಥ ಮಾತು? ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡೆ.

ಪಶುಪತಿನಾಥನ ಗುಡಿಯಲ್ಲಿ ನಿಂತು, ಪೂಜೆ ಮಾಡುವ ಭಟ್ಟರಿಗೂ "ಕೇ ಛ, ದಾಯಿ?" ಎಂದುಬಿಟ್ಟ, ಏನ್ ಸಮಾಚಾರ ಅಣ್ಣಾ ಅಂತ ಲಾರಿಯವರನ್ನು ಕೇಳಿದ ಹಾಗೆ! ನಾನು ಕಣ್ಣು ಮುಚ್ಚಿಕೊಂಡೆ. ಭಟ್ಟರು ಜೋರಾಗಿ ನಕ್ಕರು.

"ಎಂತ ಮಾರಾಯ್ರೇ, ಕನ್ನಡದಲ್ಲೇ ಹೇಳಿ. ನಾವೂ ಆ ಕಡೆಯವ್ರೇ."

ದಿನಗಟ್ಟಲೆ ರೈಲು, ಬಸ್ಸು ಅಂತ ಸೊಂಟ ಮುರಿದುಕೊಂಡು ಬೇರೆ ದೇಶಕ್ಕೆ ಹೋದರೆ ಅಲ್ಲೂ ಕನ್ನಡ! ನಾವೆಲ್ಲ ಹಿಗ್ಗಿದೆವು. ಭಟ್ಟರು ಅರ್ಚನೆಗೆ ಅವನ ಹೆಸರು ಕೇಳಿದರು. ಹೇಳಿದ.

"ಮನೆಯವ್ರ ಹೆಸರು? ಅವ್ರು ಬರ್ಲಿಲ್ವಾ?"

ತಮ್ಮ ಎಡಗೈ ಮಡಚಿಕೊಂಡ. ಬಾಯಿಯೂ ಮುಚ್ಚಿತು. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಕನ್ನಡದಲ್ಲಿ ಯಾರು ಮಾತು ತೆಗೆದರೂ ಅದು ಸುತ್ತಿ ಬಳಸಿ ಅವಳ ಹತ್ತಿರವೇ ಬರುತ್ತದೆ. ವರ್ಷವಿಡೀ ನಾನು ತೆಗೆದದ್ದೂ ಅದನ್ನೇ ಅಲ್ಲವೇ?

ಅಲ್ಲಿಂದ ಬೀರೂರಿನವರೆಗೆ ಮತ್ತೆ "ಹೂಂ". ಬಸ್ಸು ಹತ್ತುವ ಮೊದಲೇ ಸೋಪು ಹಾಕಿ ಕೈ ತೊಳೆದುಬಿಟ್ಟಿದ್ದ. ಹೆಂಗಸರು ಮುಂದಿನ ಸೀಟುಗಳಿಗೆ ಬಂದು ಕೂತರು. ನನಗೆ ಆ ಕೊಳಕು ಕೈಯೇ ಇದ್ದಿದ್ದರೆ ಸಾಕಿತ್ತು ಅನಿಸಿತು.

ಊರು ಮುಟ್ಟಿದ ಮರುದಿನ ಬೆಳಿಗ್ಗೆ ತರೀಕೆರೆಯಲ್ಲಿ ಅಜ್ಜಂಪುರದ ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಆ ನೇಪಾಳಿ ಮಾತನ್ನೇ ಗುನುಗಿದೆ. ಪಕ್ಕದಲ್ಲಿದ್ದವಳು ಹೆದರಿ ಬೇರೆ ಸೀಟಿಗೆ ಹೋದಳು. ತಮ್ಮ ಜಗಲಿಯ ಮೇಲೆ ಕೂತಿದ್ದ. ತಿಂಡಿ ಆಯ್ತಾ ಎಂದು ನಾನು ಕೇಳಲಿಲ್ಲ. ಎದುರಿಗೆ ನಿಂತು, "ಕೀ ಛಾ, ಭಾಯೀ?" ಎಂದೆ.

ಅವನು ಜಗಲಿಯಿಂದ ಇಳಿದ.

"ಹಂಗಲ್ಲ ಕಣಕ್ಕ. ಕೇ ಛ."

ನಾನು ಬೇಕೆಂದೇ ಇನ್ನೊಂದು ಸಲ ತಪ್ಪು ಹೇಳಿದೆ.