ದೇವರಿಗೆ ಬಾಡಿಗೆ ಧ್ವನಿ

ದೇವರಣ್ಣನ ಗ್ರಹಚಾರ ಅವತ್ತು ಅತ್ತೆಯ ಬಾಯಿಂದ ಶುರುವಾಯಿತು.

"ಅಳಿಯಂದ್ರೇ, ಇಷ್ಟು ವರ್ಷದಿಂದ ಸಿನಿಮಾದಲ್ಲಿ ದೇವರ ಪರವಾಗಿ ಮಾತಾಡ್ತಿದ್ದೀರಿ. ಅವನು ಒಂದು ದಿನನಾದ್ರೂ ನಿಮ್ಮ ಹತ್ರ ತಿರುಗಿ ಮಾತಾಡಿದ್ದಾನಾ?"

ಮುದುಕಿ ಕುಹಕಕ್ಕೆ ಕೇಳಿದ್ದಲ್ಲ, ಪಾಪ, ನಿಜಕ್ಕೂ ಕುತೂಹಲ. ಹಲ್ಲುಜ್ಜುತ್ತಿದ್ದ ಅಳಿಯ ಮಾತ್ರ ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ತೆರೆಯ ಮೇಲೆ ದೇವರ ವೇಷ ಯಾರೇ ಹಾಕಲಿ, ಅವರಿಗೆ ಧ್ವನಿ ಕೊಡುವ ಡಬ್ಬಿಂಗ್ ಕಲಾವಿದ ಅವನು. ಬೀದಿಯವರು ದೇವರಣ್ಣ ಅಂತಲೇ ಕರೆಯುತ್ತಿದ್ದರು. ಮಾತಾಡಿದ್ದೆಲ್ಲ ತಾನೇ; ಆ ಕಡೆಯಿಂದ ಒಂದು "ಹ್ಞೂಂ" ಕೂಡ ಬಂದಿರಲಿಲ್ಲ. ಹಾಗಾದರೆ ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ?

ಸ್ಟುಡಿಯೋದಲ್ಲಿ ಒಂದೇ ಮಾತು ಬಾಕಿಯಿತ್ತು. ಚಿತ್ರದಲ್ಲಿ ನಂಬಿಕೆ ಕಳೆದುಕೊಂಡ ಬಡಗಿಯೊಬ್ಬ "ನೀನಿದ್ದೀಯಾ?" ಎಂದು ಅಳುತ್ತಾನೆ. ದೇವರು "ನಾನಿದ್ದೇನೆ, ಮಗು" ಎನ್ನಬೇಕು.

ದೇವರಣ್ಣ ಹೇಳಿದ. ನಿರ್ದೇಶಕ ಹಣೆ ಚಚ್ಚಿಕೊಂಡ.

"ಏನ್ರೀ ಇದು? ದೇವರಿಗೇ ಅನುಮಾನ ಇದ್ದಂಗಿದೆ! ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ."

ಸಲಹೆಗಳಿಗೇನು ಬರ? ಲೆಕ್ಕದವನು "ಬಿಸಿನೀರು ಕುಡೀರಿ" ಎಂದ. ರಿಸೆಪ್ಷನ್ ಅಕ್ಕ "ನಿಮ್ಮ ತಾಯೀನ ನೆನೆಸ್ಕೊಳ್ಳಿ" ಎಂದಳು. ಕಾವಲುಗಾರ ಬಾಗಿಲಲ್ಲೇ ನಿಂತು, "ನಾನು ಹೇಳಿ ತೋರಿಸ್ಲಾ ಅಣ್ಣ?" ಎಂದು ತೋಳೇರಿಸಿದ. ಬಿಸಿನೀರಿಗೆ ನಾಲಿಗೆ ಸುಟ್ಟಿತು, ತಾಯಿಯ ನೆನಪಿಗೆ ಮೂಗು ಕಟ್ಟಿತು. ಈಗ ದೇವರಿಗೆ ಅನುಮಾನದ ಜೊತೆ ನೆಗಡಿಯೂ ಆಯಿತು.

ಕೊನೆಗೆ ಎಲ್ಲರೂ ಗಾಜಿನಾಚೆ ಗುಸುಗುಸು ನಡೆಸಿದ್ದಾಗ, ಕತ್ತಲ ಕೋಣೆಯಲ್ಲಿ ಒಬ್ಬನೇ ಉಳಿದ ದೇವರಣ್ಣ ತೆರೆಯತ್ತ ನೋಡಿದ. ಸಿಂಹಾಸನದ ಮೇಲೆ ಕೂತ ದೇವರು ಅವನನ್ನೇ ದಿಟ್ಟಿಸುತ್ತಿದ್ದ. ಬೆಳಗಿನಿಂದ ಅದುಮಿಟ್ಟದ್ದು ಬಾಯಿಗೆ ಬಂದೇಬಿಟ್ಟಿತು.

"ನೀನು ನಿಜವಾಗ್ಲೂ ಇದ್ದೀಯೇನಪ್ಪ? ನಂಗೆ ಗೊತ್ತಾಗ್ಲೇಬೇಕು. ಒಂದ್ಸಲ ಹೇಳ್ಬಿಡು."

ತೆರೆಯ ಮೇಲಿನ ತುಟಿಗಳು ಅಲ್ಲಾಡಿದವು. ಹೆಡ್‌ಫೋನಿನಲ್ಲಿ ಒಂದು ಕೀರಲು ದನಿ ಕೇಳಿಸಿತು: "ಇದ್ದೀನಪ್ಪ, ಎಲ್ಲಿಗೆ ಹೋಗ್ಲಿ? ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀನಿ. ಬೆನ್ನು ಹಿಡ್ಕೊಂಡಿದೆ."

ದೇವರಣ್ಣ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಸಂಭಾಷಣೆಯಲ್ಲಿ ಬೆನ್ನಿನ ಸುದ್ದಿಯೇ ಇರಲಿಲ್ಲ! ಇಂಥ ದನಿಯ ದೇವರನ್ನು ಯಾರಾದರೂ ಕಲ್ಪಿಸಿಕೊಂಡಾರೇ? ಕಣ್ಣೀರು ಸುರಿಸುತ್ತಲೇ ಮೈಕಿಗೆ ಬಾಯಿಟ್ಟು "ನಾನಿದ್ದೇನೆ, ಮಗು" ಎಂದ. ಜನ್ಮದಲ್ಲಿ ಅವನು ಹಾಗೆ ಹೇಳಿರಲಿಲ್ಲ.

ನಿರ್ದೇಶಕ ಓಡಿಬಂದು ತಬ್ಬಿಕೊಂಡ. "ಸಿಕ್ತು ಕಣ್ರೀ! ನಿಮಗೆ ಭಾವ ಬರ್ಲಿ ಅಂತ ಶೂಟಿಂಗ್ ದಿನದ ಮೂಲ ಧ್ವನಿ ಹಾಕಿಸ್ದೆ. ಡೈಲಾಗ್ ಮುಗಿದ್ಮೇಲೆ ಆ ನಟ ಮೇಕಪ್ಪಿನವನ ಹತ್ರ ಗೊಣಗಿದ್ದೂ ಅದರಲ್ಲೇ ಉಳಿದಿದೆ. ಆಹಾ, ಎಂಥ ದೇವರು! ಆ ಗೊಣಗಾಟವನ್ನೇ ದೇವರ ಮಾತಾಗಿ ಇಟ್ಕೊಳ್ತೀನಿ."

"ಮತ್ತೆ ಈಗ ನಾನು ಹೇಳಿದ್ದು?"

"ಹೇಳಿದ್ರಾ? ಅಷ್ಟೊತ್ತಿಗೆ ಮೈಕ್ ಆಫ್ ಮಾಡಿದ್ವಿ. ಬೇಜಾರಾಗ್ಬೇಡಿ, ಅದಕ್ಕೆ ಮುಂಚೆ ಕೇಳಿದ ಪ್ರಶ್ನೆ ರೆಕಾರ್ಡ್ ಆಗಿದೆ. ಬಡಗಿಗೆ ಹೇಳಿಮಾಡಿಸಿದ ಹಾಗಿದೆ. ಇನ್ಮೇಲೆ ನೀವು ನಂಬಿಕೆ ಇಲ್ಲದವರು."

ಬಂದಷ್ಟೇ ಬೇಗ ನಂಬಿಕೆ ಹೊರಟುಹೋಯಿತು, ಜೊತೆಗೆ ದೇವರ ಕೆಲಸವೂ. ದೇವರಣ್ಣ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ.

ಅತ್ತೆ ಬಾಗಿಲಲ್ಲೇ ಕಾದಿದ್ದಳು. "ಏನಾದ್ರೂ ಮಾತಾಡಿದ್ನಾ?"

"ಮಾತಾಡ್ದ. ಕೂತೂ ಕೂತೂ ಬೆನ್ನು ಹಿಡ್ಕೊಂಡಿದೆಯಂತೆ" ಎಂದು ಅವನು ಸಿಡುಕಿದ.

"ಅಯ್ಯೋ ಪಾಪ!" ಎಂದು ಅತ್ತೆ ತನ್ನ ಬೆನ್ನನ್ನು ಒತ್ತಿಕೊಂಡಳು. "ಹಾಗಾದ್ರೆ ಇದ್ದಾನೆ ಬಿಡಿ."