ಆಷಾಢದ ಭಾನುವಾರ ನನ್ನನ್ನು ಹಿಡಿದ ಕ್ಲೌಡ್ ಕಾವಲುಗಾರರಿಗೆ

ನಮ್ಮ ಎಣ್ಣೆ ಕಂಪನಿಯ ಕ್ಲೌಡ್ ಆಫೀಸನ್ನು ಹಗಲಿರುಳು ರೆಪ್ಪೆ ಮಿಟುಕಿಸದೆ ಕಾಯುತ್ತಿರುವ ಮಾನ್ಯ ಭದ್ರತಾ ತಂತ್ರಾಂಶದವರೇ,

ಚಳ್ಳಕೆರೆಯಿಂದ ಡಿಸ್‌ಪ್ಯಾಚ್ ವಿಭಾಗದ ಸ್ವಪ್ನ ಮಾಡುವ ಅನಂತ ನಮಸ್ಕಾರಗಳು. ತಮ್ಮ ಕಣ್ಗಾವಲಿನಲ್ಲಿರುವ ಇಪ್ಪತ್ತೆರಡು ಜನರಲ್ಲಿ ನಾನೂ ಒಬ್ಬಳು. ಮದುವೆಯಾಗಿ ಇಂದಿಗೆ ನಲವತ್ತೊಂದು ದಿನ. ದಿನ ಎಣಿಸುತ್ತಾಳೆಂದು ನಗಬೇಡಿ, ತಾವು ನಿಮಿಷಗಳನ್ನೇ ಎಣಿಸುವವರು.

ತಮಗೆ ಲಾಗಿನ್ ಗೊತ್ತು, ಆಷಾಢ ಗೊತ್ತಿಲ್ಲ. ಈ ಒಂದು ತಿಂಗಳು ಅತ್ತೆ ಮತ್ತು ಹೊಸ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಹೊಸಿಲಿನ ತಂಟೆ ಅತ್ತೆ ಸೊಸೆಯರದು, ಶಿಕ್ಷೆ ಮಾತ್ರ ಗಂಡ ಹೆಂಡತಿಗೆ. ಹೀಗಾಗಿ ನಾನು ಚಳ್ಳಕೆರೆಯ ತವರಿನಲ್ಲಿ, ನನ್ನ ಮುದ್ದು ರಾಮಾಂಜನೇಯ ಕೊಂಡ್ಲಹಳ್ಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಾ, ಹದಿನೆಂಟು ದಿನಗಳನ್ನು ಬಹಳ ಶಿಸ್ತಿನಿಂದ ಕಳೆದೆವು. ಹತ್ತೊಂಬತ್ತನೆಯ ದಿನ ಭಾನುವಾರವಾಗಿತ್ತು. ಗೆಳತಿಯ ಮನೆಗೆಂದು ಅವ್ವನಿಗೆ ಹೇಳಿ ನಾನು ಬಸ್ಸು ಹತ್ತಿದೆ, ಕುರಿಗೆ ಜ್ವರವೆಂದು ಅತ್ತೆಗೆ ಹೇಳಿ ಅವರು ಬೈಕು ಹತ್ತಿದರು, ಸಿದ್ದಾಪುರದ ಗುಡ್ಡದಲ್ಲಿ ಬಂಡೆಯ ನೆರಳಿಗೆ ಕೂತು ಒಂದೇ ಪೊಟ್ಟಣದ ಮಂಡಕ್ಕಿ ತಿಂದೆವು.

ಅಷ್ಟರಲ್ಲಿ ಮ್ಯಾನೇಜರ್ ಜುಂಜಣ್ಣನವರು, ನಾಳೆ ಹೊರಡುವ ಎಣ್ಣೆ ಟಿನ್ನುಗಳ ಪಟ್ಟಿ ಕೂಡಲೇ ಬೇಕೆಂದು ಮೆಸೇಜ್ ಹಾಕಿದರು. ನನ್ನ ಕರ್ತವ್ಯನಿಷ್ಠೆ ನೋಡಿ, ಗಂಡ ಪಕ್ಕದಲ್ಲಿದ್ದರೂ ಫೋನಿನಲ್ಲಿ ಆಫೀಸು ತೆರೆದು ಪಟ್ಟಿ ಕಳಿಸಿದೆ. ರಾಜ್ಯದ ಗಡಿಗೆ ಹತ್ತಿರದ ಆ ಗುಡ್ಡದಲ್ಲಿ ಫೋನು ಆಂಧ್ರದ ಟವರನ್ನು ಹಿಡಿಯುತ್ತದೆ. ತವರಿನಲ್ಲಿ ನಾನು ಮುಚ್ಚದೆ ಬಂದ ಲ್ಯಾಪ್‌ಟಾಪು ಚಳ್ಳಕೆರೆಯಲ್ಲೇ ಇತ್ತು. ತಾವು ಎರಡನ್ನೂ ಕೂಡಿಸಿ, ಒಬ್ಬಳೇ ಹೆಂಗಸು ನಾಲ್ಕು ನಿಮಿಷದಲ್ಲಿ ಚಳ್ಳಕೆರೆಯಿಂದ ಆಂಧ್ರಕ್ಕೆ ಹಾರಿದ್ದಾಳೆಂದು ಕಂಡುಹಿಡಿದಿರಿ. ಎಂಥ ಪಾಂಡಿತ್ಯ! ನಮ್ಮ ಬಸ್ಸು ಬಿ.ಜಿ. ಕೆರೆಯಲ್ಲಿ ಟೀಗೆ ನಿಲ್ಲುವುದೇ ಅದಕ್ಕಿಂತ ಹೆಚ್ಚು ಹೊತ್ತು.

ಅಲ್ಲಿಗೇ ನಿಲ್ಲದೆ, ನನ್ನ ಅಕೌಂಟಿಗೆ ಬೀಗ ಜಡಿದು ಕೆಂಪಕ್ಷರದ ವರದಿಯನ್ನು ಜುಂಜಣ್ಣನವರಿಗೆ ಕಳಿಸಿದಿರಿ. ಅವರು ನಮ್ಮ ಅತ್ತೆ ಪಾತಮ್ಮನವರ ಒಡಹುಟ್ಟಿದ ತಮ್ಮ. ತಕ್ಷಣ ಫೋನು: "ಅಕ್ಕಾ, ನಿನ್ ಸೊಸಿ ಹೆಸ್ರಾಗೆ ಯಾವನೋ ಕಳ್ಳ ಆಂಧ್ರದಾಗೆ ಕುಂತು ನಮ್ ಟಿನ್ನಿನ ಪಟ್ಟಿ ಕದ್ದವ್ನೆ!" ಆ ಪಟ್ಟಿ ಕೇಳಿದವರೂ ಪಡೆದವರೂ ಸ್ವತಃ ಜುಂಜಣ್ಣನವರೇ ಎಂಬುದು ಅವರಿಗೇ ಹೊಳೆಯಲಿಲ್ಲ, ವರದಿ ತಮ್ಮದಲ್ಲವೇ, ಅದರೆದುರು ನೆನಪು ಯಾವ ಲೆಕ್ಕ?

ಆಮೇಲೆ ತಾವು ನನ್ನನ್ನು ಕೇಳಿದ ಪ್ರಶ್ನೆ: "ಇದು ನೀವೇನಾ?" ಅಲ್ಲ ಎಂದರೆ ಇಲ್ಲದ ಕಳ್ಳನ ಮೇಲೆ ಪೊಲೀಸ್ ದೂರು, ತನಿಖೆ ಮುಗಿಯುವವರೆಗೆ ನನಗೆ ಕೆಲಸವಿಲ್ಲ. ಹೌದು ಎಂದರೆ ಜುಂಜಣ್ಣನಿಗೆ ಗೊತ್ತು, ಅಂದರೆ ಅತ್ತೆಗೆ ಗೊತ್ತು, ಹೊಸ ಸೊಸೆಯ ಮರ್ಯಾದೆ ಮೂರಾಬಟ್ಟೆ. ಆದ್ದರಿಂದ "ಹೌದು, ನಾನೇ, ಆದರೆ ಅತ್ತೆಗೆ ಹೇಳಬೇಡಿ" ಎಂಬ ಮೂರನೆಯ ಬಟನ್ನೊಂದನ್ನು ದಯಪಾಲಿಸಬೇಕಾಗಿ, ಹಾಗೂ ಆಂಧ್ರದ ಟವರನ್ನು ಶ್ರಾವಣದವರೆಗೆ ಒಂದಿಷ್ಟು ಆಚೆ ಸರಿಸಬೇಕಾಗಿ ಪ್ರಾರ್ಥನೆ. ಅಶೋಕ ಚಕ್ರವರ್ತಿ ಅದೇ ಗುಡ್ಡದಲ್ಲಿ ಪಾಸ್‌ವರ್ಡೇ ಇಲ್ಲದೆ ಬಂಡೆಯ ಮೇಲೆ ಬರೆಸಿದ್ದು ಎರಡು ಸಾವಿರ ವರ್ಷವಾದರೂ ಡಿಲೀಟ್ ಆಗಿಲ್ಲ. ಆಗ ತಾವಿದ್ದಿದ್ದರೆ, ಪಾಟಲಿಪುತ್ರದಿಂದ ಸಿದ್ದಾಪುರಕ್ಕೆ ಅನುಮಾನಾಸ್ಪದ ಪ್ರಯಾಣವೆಂದು ಅವನ ಅಕೌಂಟೂ ಲಾಕ್ ಆಗಿರುತ್ತಿತ್ತು.

ಕಡೆಗೆ ಸೋಮವಾರ ಹನ್ನೊಂದು ಗಂಟೆಗೆ, ಕಣ್ಣು ಮುಚ್ಚಿ "ಹೌದು" ಒತ್ತಿದೆ. ಹನ್ನೊಂದೂ ಹತ್ತಕ್ಕೆ ಅತ್ತೆಯ ಫೋನು.

"ಏನವ್ವಾ, ನೀನೇ ಅಂತೆ ಆ ಕಳ್ಳಿ? ನಮ್ಮನಿ ಹೊಸ್ಲು ದಾಟಿದ್ಯಾ?"

ಇಲ್ಲ ಅತ್ತೆ, ಗುಡ್ಡದಲ್ಲಿದ್ದೆವು ಎಂದು ತೊದಲಿದೆ.

"ಗುಡ್ಡಕ್ಕೆಲ್ಲೈತೆ ಹೊಸ್ಲು? ಬಿಡು, ಅಳಬ್ಯಾಡ. ಅವ್ನು ಮನಿಗೆ ಬಂದಾಗ್ಲೇ ನಂಗೆ ಗೊತ್ತಾತು. ಕುರಿಗೆ ಸೂಜಿ ಚುಚ್ಚಿ ಬಂದೋನ ಮಕ ಹಂಗಿರ್ತೈತಾ? ಜುಂಜಂಗೆ ನಾ ಹೇಳ್ತೀನಿ, ಬಾಯಿ ಮುಚ್ಕೊಂಡಿರು ಅಂತ."

ಮಾನ್ಯರೇ, ನನ್ನ "ಹೌದು" ತಮ್ಮನ್ನು ತಲುಪುವ ಮೊದಲೇ, ಒಂದು ಮುಖ ನೋಡಿ ತನಿಖೆ ಮುಗಿಸಿ, ಒಂದು ಪ್ರಶ್ನೆ ಕೇಳಿ ಪ್ರಕರಣ ಕೈಬಿಟ್ಟ ಅತ್ತೆಯವರಲ್ಲಿ ತಾವು ಆರು ತಿಂಗಳು ತರಬೇತಿ ಪಡೆಯಬೇಕೆಂದು ಸವಿನಯ ಸಲಹೆ. ಅವರು ನನ್ನನ್ನು ನಂಬಿಯಾಯಿತು. ತಾವಿನ್ನೂ ಎಪ್ಪತ್ತೆರಡು ಗಂಟೆ ಪರಿಶೀಲಿಸುತ್ತೀರಂತೆ. ನಿಧಾನವಾಗಿ ಮಾಡಿ.

ತಾವು ವಿಶ್ವಾಸವಿಡದಿದ್ದರೂ
ತಮ್ಮ ವಿಶ್ವಾಸಿ,
ಸ್ವಪ್ನ ರಾಮಾಂಜನೇಯ

ಮರೆತ ಮಾತು: ಜುಂಜಣ್ಣನವರ ಪಾಸ್‌ವರ್ಡು ಆಫೀಸಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದೆ. ಮೊನ್ನೆ ಅವರೇ ಮರೆತಾಗ, ಟೀ ತಂದ ಖುದ್ದೂಸ್ ಭಾಯಿ ಲೋಟ ಇಡುತ್ತಲೇ ಬಾಯಿಪಾಠ ಒಪ್ಪಿಸಿದರು. ಒಂದೇ ಕುರ್ಚಿಯಿಂದ ಏಳು ಜನ ಅದನ್ನು ಬಳಸುವುದರಿಂದ ತಮ್ಮ ಆಡಿಟ್‌ನಲ್ಲಿ ಅದು ಹಚ್ಚ ಹಸಿರಾಗಿದೆ, ಅಭಿನಂದನೆಗಳು. ಇನ್ನು ಆಷಾಢದಲ್ಲಿ ಒಂದು ಭಾನುವಾರ ಉಳಿದಿದೆ. ಅಂದು ನನ್ನ ಫೋನು ಇಡೀ ದಿನ ಚಳ್ಳಕೆರೆಯ ತವರುಮನೆಯಲ್ಲಿ ಚಾರ್ಜಿಗಿರುತ್ತದೆ. ದಯವಿಟ್ಟು ಅದರ ಮೇಲೆ ಕಣ್ಣಿಟ್ಟಿರಿ.