ಭಾವನ ಬುಟ್ಟಿಯ ತಂಬುಳಿ

ನನ್ನ ಭಾವನನ್ನು ಯಾರಾದರೂ ಒಂದು ವಾರದ ಮಟ್ಟಿಗೆ ಕರೆದೊಯ್ಯುವುದಾದರೆ ಪುಕ್ಕಟೆ ಕೊಡುತ್ತೇನೆ. ಸಾಗಾಟದ ಖರ್ಚೂ ನನ್ನದೇ! ಸಲ್ಮಾಬಾದಿನಲ್ಲಿ ಹಳೇ ಕಾರುಗಳ ಬಿಡಿಭಾಗ ಮಾರಿ ಮೇಲೆ ಬಂದ ನನ್ನಂಥವನು ಯಾವುದನ್ನಾದರೂ ಪುಕ್ಕಟೆ ಕೊಡುತ್ತಾನೆಂದರೆ ಮಾಲಿನಲ್ಲಿ ಏನೋ ಐಬಿದೆ ಎಂದು ನೀವು ಅರ್ಥಮಾಡಿಕೊಳ್ಳಬೇಕು. ಐಬು ಇಷ್ಟೇ: ಈ ಮನುಷ್ಯನಿಗೆ ಬಹರೈನಿನ ಹುಚ್ಚು!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಾನು ಅವರಿಗೆ ಭಾವ, ಅವರು ನನಗೆ ಭಾವ. ಮದುವೆಯಾಗಿಲ್ಲ, ಗುಫೂಲ್ ಬಡಾವಣೆಯ ಫ್ಲ್ಯಾಟಿನಲ್ಲಿ ನಮ್ಮೊಟ್ಟಿಗೇ ಇದ್ದಾರೆ. ಹಗಲು ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಯೊಂದರಲ್ಲಿ ಫೈಲುಗಳ ನಡುವೆ ಬಲು ಗಂಭೀರವಾಗಿ ಕೂತಿರುತ್ತಾರಂತೆ. ಮನೆಗೆ ಬಂದು ಟೈ ಬಿಚ್ಚಿದರೋ, ಹತ್ತು ವರ್ಷದ ಪೋರ! ನಾವೆಲ್ಲ ಈ ದ್ವೀಪಕ್ಕೆ ದುಡಿಯಲು ಬಂದವರು. ಇವರು ಮಾತ್ರ ನೆಂಟರ ಮನೆಗೆ ಬಂದವರ ಹಾಗಿದ್ದಾರೆ. ಅದೂ ಇಪ್ಪತ್ತಾರು ವರ್ಷಗಳಿಂದ!

ರಮದಾನ್ ತಿಂಗಳ ನಡುವೆ ಇಲ್ಲಿ ಗರ್ಗಾಊನ್ ಎಂಬ ಸಂಭ್ರಮ. ಮಕ್ಕಳು ಜರಿಯಂಚಿನ ಬಟ್ಟೆ ತೊಟ್ಟು, ಕೊರಳಿಗೆ ಚೀಲ ನೇತುಹಾಕಿಕೊಂಡು, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಚೀಲಕ್ಕೆ ನೆಲಗಡಲೆ, ಮಿಠಾಯಿ ಸುರಿಯುತ್ತಾರೆ. ಒಂದು ವರ್ಷ ಭಾವ, “ಮಕ್ಕಳನ್ನು ರಸ್ತೆ ದಾಟಿಸ್ಲಿಕ್ಕೆ ಒಬ್ರು ದೊಡ್ಡವರು ಬೇಡ್ವಾ?” ಎಂದು ಹೊರಟರು. ಒಳ್ಳೆಯ ಕೆಲಸವೇ. ಆದರೆ ರಸ್ತೆ ದಾಟಿಸುವವರ ಕೊರಳಿಗೆ ಚೀಲ ಯಾಕೆ? ಅದೂ ಮಕ್ಕಳ ಚೀಲದ ಎರಡರಷ್ಟು ದೊಡ್ಡದು!

ತಿರುಗಿ ಬಂದಾಗ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, “ಅಣ್ಣಾ, ಈ ಪ್ರಾಯದಲ್ಲಿ ಚೀಲ ಹಿಡ್ಕೊಂಡು ಹೋಗ್ಲಿಕ್ಕೆ ನಿಮಗೆ ಬೇಜಾರು ಆಗುದಿಲ್ವಾ?”

“ಆಯ್ತು ಮಾರಾಯ್ತಿ! ಕೊನೆಯ ಮನೆಯಲ್ಲಿ ಗೋಡಂಬಿ ಕೊಟ್ರು. ಚೀಲದಲ್ಲಿ ಜಾಗವೇ ಇರ್ಲಿಲ್ಲ.”

ಮೀನು ಕೊಳ್ಳುವವರಿಗೆ ನನ್ನದೊಂದು ಸಲಹೆ ಇದೆ, ಬೇಕಾದರೆ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾದ ಮೀನಿನ ಕಡೆ ಕಣ್ಣೆತ್ತಿಯೂ ನೋಡಬಾರದು. ಪಕ್ಕದ ಮೀನಿನ ಬೆಲೆ ಕೇಳಿ, ಮುಖ ಸಿಂಡರಿಸಿ, ಎರಡು ಹೆಜ್ಜೆ ಮುಂದೆ ಹೋಗಿ, ಏನೋ ನೆನಪಾದವರ ಹಾಗೆ ತಿರುಗಿ, “ಹಾಗಾದ್ರೆ ಇದೆಷ್ಟು?” ಎನ್ನಬೇಕು. ಹೀಗೆಯೇ ಒಮ್ಮೆ ಮನಾಮಾದ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ಬೆವರು ಸುರಿಸಿ ಒಂದು ಹಮೂರ್ ಮೀನಿನ ಬೆಲೆಯನ್ನು ಮುಕ್ಕಾಲಿಗೆ ಇಳಿಸಿದ್ದೆ. ಅಷ್ಟರಲ್ಲಿ ಭಾವ ಬಂದರು. ಮುದುಕ ಮೀನುಗಾರನ ಭುಜದ ಮೇಲೆ ಕೈಯಿಟ್ಟು, ನಿನ್ನೆ ಗಾಳಿ ಜೋರಿತ್ತಲ್ಲ, ದೋಣಿಗೆ ಏನೂ ಆಗಲಿಲ್ಲ ತಾನೆ ಎಂದು ತಮ್ಮ ಮುರುಕು ಅರಬಿಯಲ್ಲಿ ಕೇಳಿದರು. ಅಷ್ಟೇ! ಮುದುಕ ದೋಣಿಯ ಕಥೆ, ಮಗನ ಮದುವೆ, ಮೊಣಕಾಲಿನ ನೋವು ಎಲ್ಲ ಹೇಳಿ ಮುಗಿಸಿ, ಹಮೂರನ್ನು ಅರ್ಧ ಬೆಲೆಗೆ ಕೊಟ್ಟು, ಮೇಲಿಂದ ಆರು ಸಣ್ಣ ಮೀನು ಚೀಲಕ್ಕೆ ಹಾಕಿದ.

“ಇದೆಂತ ಟೆಕ್ನಿಕ್ ಭಾವಾ?” ಎಂದೆ ಹೊಟ್ಟೆಕಿಚ್ಚಿನಿಂದ.

“ಟೆಕ್ನಿಕ್ ಎಂತದ್ದು? ಗಾಳಿ ನಿಜವಾಗ್ಲೂ ಜೋರಿತ್ತಲ್ಲ!”

ಇಂಥವರಿಗೆ ವ್ಯಾಪಾರ ಕಲಿಸಲು ಸಾಧ್ಯವೇ, ನೀವೇ ಹೇಳಿ!

ಈಗ ಬಾಲ್ಕನಿಗೆ ಬನ್ನಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು, ಮೀನಿನ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಭಾವ ಬಸಳೆ, ಹರಿವೆ, ಮೆಂತೆ ಬೆಳೆಸುತ್ತಾರೆ. ಪುಕ್ಕಟೆ ನೀರು, ಪುಕ್ಕಟೆ ಪೆಟ್ಟಿಗೆ. ಅವರ ಹುಚ್ಚುಗಳಲ್ಲಿ ನಾನು ಮನಸಾರೆ ಮೆಚ್ಚುವುದು ಇದೊಂದನ್ನೇ. ಹೋದ ಬೇಸಿಗೆಯಲ್ಲಿ ಅಲ್ಲಿ ಈಚಲಗರಿಯ ಎರಡು ಪುಟ್ಟ ಬುಟ್ಟಿಗಳು ಹೊಸದಾಗಿ ನೇತಾಡತೊಡಗಿದವು. ಎರಡರಲ್ಲೂ ಗೇಣುದ್ದದ ಎಳೆ ಹಸಿರು. ಬಕ್ರೀದಿನ ಹಿಂದಿನ ದಿನ, ಅಂಗಡಿಗೆ ರಜೆ. ಹೊರಗೆ ಬೆಂಕಿಯಂಥ ಬಿಸಿಲು. ನನಗೆ ತಂಬುಳಿ ಉಣ್ಣುವ ಆಸೆಯಾಯಿತು. ಕತ್ತರಿ ಹಿಡಿದು ಹೋಗಿ ಒಂದು ಬುಟ್ಟಿಯನ್ನು ನುಣ್ಣಗೆ ಬೋಳಿಸಿ ತಂದೆ. ಹೆಂಡತಿ ತೆಂಗಿನಕಾಯಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದಳು.

ಭಾವ ಮೂರು ಸೌಟು ಹಾಕಿಸಿಕೊಂಡರು. “ಆಹಾ! ಎಂತ ತಂಪು! ಎಂತ ಪರಿಮಳ! ಯಾವ ಸೊಪ್ಪು ಇದು?”

“ನಿಮ್ಮದೇ ಭಾವಾ. ಬಾಲ್ಕನಿಯ ಬುಟ್ಟಿಯದ್ದು.”

ಬಾಯಿಗೆ ಹೋಗುತ್ತಿದ್ದ ಕೈ ಅಲ್ಲೇ ನಿಂತಿತು. “ಯಾವ ಬುಟ್ಟಿ? ಕೆಂಪು ದಾರದ್ದಾ?”

“ಹೌದು, ಕೆಂಪು ದಾರದ್ದೇ.”

ಭಾವ ಎದ್ದು ನಿಂತೇಬಿಟ್ಟರು. “ಅಯ್ಯೋ ಮಾರಾಯ್ರೇ! ಅದು ಪಕ್ಕದ ಮನೆ ಹುಡುಗಿಯ ಹಿಯಾ ಬಿಯಾ!”

ವಿಷಯ ಆಗ ತಿಳಿಯಿತು. ಬಕ್ರೀದಿಗೆ ಮೊದಲು ಇಲ್ಲಿಯ ಮಕ್ಕಳು ಪುಟ್ಟ ಬುಟ್ಟಿಯಲ್ಲಿ ಕಾಳು ಮೊಳೆಸಿ, ದಿನಾ ನೀರೆರೆದು ಸಾಕುತ್ತಾರೆ. ಹಬ್ಬದ ಹಿಂದಿನ ಸಂಜೆ ಅದನ್ನು ಹಾಡುತ್ತ ಸಮುದ್ರಕ್ಕೆ ಎಸೆಯುತ್ತಾರೆ. ಹಜ್ಜಿಗೆ ಹೋದ ಮನೆಯವರು ಕ್ಷೇಮವಾಗಿ ತಿರುಗಿ ಬರಲಿ ಎಂಬುದು ಅದರ ಹಾರೈಕೆ. ಪಕ್ಕದ ಬಹರೈನಿ ಮನೆಯ ಒಂಬತ್ತು ವರ್ಷದ ಹುಡುಗಿಯ ಅಜ್ಜ ಈ ಸಲ ಹಜ್ಜಿಗೆ ಹೋಗಿದ್ದರು. ಹೃದಯದ ತೊಂದರೆಯವರು, ಹೊರಡುವಾಗ ಅವಳು ಅಜ್ಜನ ಅಂಗಿ ಬಿಟ್ಟಿರಲಿಲ್ಲವಂತೆ. ಮನೆಯಲ್ಲಿ ಮೂರು ಬೆಕ್ಕುಗಳಿರುವುದರಿಂದ ಬುಟ್ಟಿಯನ್ನು ನಮ್ಮ ಬಾಲ್ಕನಿಯಲ್ಲಿ ನೇತುಹಾಕಿ, ದಿನಾ ಸಂಜೆ ಬಂದು ನೀರು ಹಾಕುತ್ತಿದ್ದಳು. ನಾನು ಅಂಗಡಿಯಲ್ಲಿರುವ ಹೊತ್ತದು, ನನಗೇನು ಗೊತ್ತು? ಅಂತೂ ಒಬ್ಬ ಹಜ್ ಯಾತ್ರಿಯ ಕ್ಷೇಮವನ್ನು ನಾನು ಜೀರಿಗೆ ಹಾಕಿ ರುಬ್ಬಿಸಿ ಉಂಡಿದ್ದೆ!

“ಸಂಜೆ ಬುಟ್ಟಿ ತಗೊಂಡು ಹೋಗ್ಲಿಕ್ಕೆ ಬರ್ತಾಳೆ. ಎಂತ ಹೇಳುದು?” ಭಾವ ಗಡಿಯಾರ ನೋಡಿದರು.

“ಹೆದರ್ಬೇಡಿ. ಮಾರ್ಕೆಟಿನಲ್ಲಿ ರೆಡಿ ಬುಟ್ಟಿ ಸಿಗ್ತದೆ. ಈಗಲೇ ಹೋಗಿ ತರ್ತೇನೆ.”

“ಅದಕ್ಕೆ ಅವಳು ನೀರು ಹಾಕಿದ್ದಾಳಾ?”

“ಸರಿ, ನಿಮ್ಮ ಇನ್ನೊಂದು ಬುಟ್ಟಿ ಉಂಟಲ್ಲ! ಅದೇ ಕಾಳು, ಅದೇ ನೀರು. ಕೆಂಪು ದಾರ ಕಟ್ಟಿ ಕೊಟ್ಟರೆ ಯಾರಿಗೆ ಗುರುತು ಸಿಗ್ತದೆ? ಅಲ್ಲ, ನಿಮ್ಮವರು ಯಾರು ಹಜ್ಜಿಗೆ ಹೋದದ್ದು, ನಿಮಗೆ ಯಾಕೆ ಬುಟ್ಟಿ?”

ಭಾವ ಕೈ ತೊಳೆದುಕೊಂಡರು. ಆ ಉರಿಬಿಸಿಲಲ್ಲಿ ಬಾಲ್ಕನಿಗೆ ಹೋಗಿ ತಮ್ಮ ಬುಟ್ಟಿಯ ಎದುರು ಒಂದು ಗಂಟೆ ಕೂತರು. ಒಳಗೆ ಬಂದವರು, “ನನ್ನದು ಅವಳಿಗೆ ಕೊಡ್ತೇನೆ. ಆದ್ರೆ ಸುಳ್ಳು ಹೇಳುದಿಲ್ಲ” ಎಂದಷ್ಟೇ ಹೇಳಿದರು.

ಸಂಜೆ ಜರಿಯ ಹಸಿರು ಉಡುಗೆ ತೊಟ್ಟು ಹುಡುಗಿ ಬಂದಳು, ಜೊತೆಗೆ ಅವಳ ಅಜ್ಜಿ. ಹುಡುಗಿಗೆ ಶಾಲೆಯ ಇಂಗ್ಲಿಷು, ಅಜ್ಜಿಗೆ ಸಾಕಷ್ಟು ಹಿಂದಿ. ಭಾವ ಮಂಡಿಯೂರಿ ಕೂತು, ಬೋಳು ಬುಟ್ಟಿಯನ್ನು ಮುಂದಿಟ್ಟು, “ತಪ್ಪಾಯ್ತು ಮಗಾ, ಇದನ್ನು ನಾನು ತಿಂದೆ” ಎಂದರು. ನಾನು ಅಂದರೆ ಅವರು! ನನ್ನ ಹೆಸರು ಬಾಯಿಗೇ ಬರಲಿಲ್ಲ. ಕತ್ತರಿ ಹಿಡಿದವನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹುಡುಗಿ ಬೋಳು ಬುಟ್ಟಿಯನ್ನು ಎತ್ತಿ ಎದೆಗವಚಿಕೊಂಡಳು. ಇನ್ನು ತಡೆಯಲಾಗಲಿಲ್ಲ, ಮುಂದೆ ಬಂದು, “ಕತ್ತರಿಸಿ ತಿಂದದ್ದು ನಾನು” ಎಂದುಬಿಟ್ಟೆ. ಈ ಜನ್ಮದಲ್ಲಿ ಚೌಕಾಸಿಯಿಲ್ಲದೆ ನಾನು ಒಪ್ಪಿದ ಮೊದಲ ತಪ್ಪು ಅದು!

ಅಜ್ಜಿ ನನ್ನ ಹೊಟ್ಟೆಯನ್ನೇ ನೋಡಿದರು. “ಸಮುದ್ರಕ್ಕೆ ಹಾಕಿದ್ದರೂ ಮೀನೇ ತಿನ್ನುತ್ತಿತ್ತು. ಈ ವರ್ಷ ಸ್ವಲ್ಪ ದೊಡ್ಡ ಮೀನು ತಿಂದಿತು, ಅಷ್ಟೆ!” ಎಂದು ಕುಲುಕುಲು ನಕ್ಕರು.

ಹುಡುಗಿ ನಗಲಿಲ್ಲ. ಭಾವ ಚಾಚಿದ ತುಂಬು ಬುಟ್ಟಿಯನ್ನೂ ಮುಟ್ಟಲಿಲ್ಲ. “ಇದು ನಿಮ್ಮದಲ್ವಾ?” ಎಂದು ಭಾವನನ್ನು ಕೇಳಿ, ನನ್ನ ಕಡೆ ಬೆರಳು ತೋರಿಸಿದಳು. “ಈ ಅಂಕಲ್‌ಗೋಸ್ಕರ ಬೆಳೆಸುದು ಅಂತ ನೀವೇ ಹೇಳಿದ್ರಲ್ಲ! ಇದನ್ನು ನನಗೆ ಕೊಟ್ಟರೆ ಇವರು ಹೇಗೆ ತಿರುಗಿ ಬರ್ತಾರೆ?”

ನಾನೇ? ನಾನು ಎಲ್ಲಿಗೆ ಹೋಗಿದ್ದೇನೆ? ಭಾವನ ಮುಖ ನೋಡಿದೆ. ಅವರು ಬುಟ್ಟಿಯ ದಾರ ಸರಿಪಡಿಸುತ್ತಿದ್ದರು. ವಾರಕ್ಕೊಮ್ಮೆ ಸಮುದ್ರದ ಮೇಲಿನ ಸೇತುವೆ ದಾಟಿ ಪಕ್ಕದ ದೇಶದ ದಮ್ಮಾಮಿಗೆ ಸಾಮಾನು ತರಲು ಹೋಗುತ್ತೇನೆ. ಚಳಿಗಾಲದಲ್ಲೊಮ್ಮೆ ಅಲ್ಲಿ ಲಾರಿಯೊಂದು ನನ್ನ ವ್ಯಾನಿನ ಕನ್ನಡಿ ಕಿತ್ತುಕೊಂಡು ಹೋಗಿತ್ತು. ಒಂದು ಕನ್ನಡಿಯ ಬದಲು ಎರಡು ವಸೂಲು ಮಾಡಿದೆನೆಂದು ಊಟಕ್ಕೆ ಕೂತಾಗ ಜಂಬ ಕೊಚ್ಚಿದ್ದೆ. ಆ ದಿನ ಭಾವ ಬಟ್ಟಲಲ್ಲಿದ್ದ ಮೀನು ಬಿಟ್ಟು ಎದ್ದುಹೋದದ್ದು ಯಾಕೆಂದು ನನಗೆ ಹೊಳೆದೇ ಇರಲಿಲ್ಲ.

“ನನಗೆ ಎಂತ ಆಗ್ತದೆ, ಪೂರ್ತಿ ಅವಳಿಗೇ ಕೊಡಿ,” ಎಂದೆ.

“ಇಲ್ಲ. ಅರ್ಧ ಅರ್ಧ,” ಎಂದಳು ಹುಡುಗಿ. ಎಷ್ಟೋ ಗಟ್ಟಿ ವ್ಯಾಪಾರಿಗಳನ್ನು ಕಂಡಿದ್ದೇನೆ, ಅಂಥ ಕಡಕ್ ಸ್ವರ ಕೇಳಿಲ್ಲ! ಹೆಣೆದುಕೊಂಡ ಬೇರನ್ನು ತಾನೇ ಮೆಲ್ಲಗೆ ಬಿಡಿಸಿ, ಅರ್ಧವನ್ನು ತನ್ನ ಬೋಳು ಬುಟ್ಟಿಗೆ ಹಾಕಿಕೊಂಡಳು.

ಕಡಲ ದಡದ ತುಂಬ ಮಕ್ಕಳು, ಹಾಡು, ಕೇಕೆ! ಹುಡುಗಿ ತನ್ನ ಬುಟ್ಟಿಯನ್ನು ಜೋರಾಗಿ ಬೀಸಿ ಎಸೆದಳು. ಅದು ತೇಲುತ್ತ ಹೋಯಿತು. ಭಾವ ಎಸೆದದ್ದು ಮಾತ್ರ ಹತ್ತಿರವೇ ಬಿತ್ತು. ಅಲೆಯೊಂದು ಅದನ್ನು ಮತ್ತೆ ದಡದ ಕಡೆಗೇ ತಳ್ಳಿತು. ಭಾವ ಅದನ್ನೇ ನೋಡುತ್ತಿದ್ದರು. ಕೈ ಇನ್ನೂ ಎಸೆದ ಹಾಗೆಯೇ ಚಾಚಿತ್ತು.

ನಾನು ನೀರಿಗಿಳಿದೆ. ಸೊಂಟದವರೆಗೆ ಹೋಗಿ, ಆ ಅರ್ಧ ಬುಟ್ಟಿ ಹಸಿರನ್ನು ಎರಡೂ ಕೈಯಲ್ಲಿ ಹಿಡಿದು, ಅಲೆಯ ಆಚೆಗೆ ದೂಡಿದೆ.

“ಹೊಸ ಶೂ ಹಾಳಾಯ್ತು ಭಾವಾ!” ಎಂದು ಭಾವ ದಡದಿಂದ ಕೂಗಿದರು.

“ಶೂ ಬಿಡಿ,” ಎಂದೆ. “ಅದು ಹೋಯ್ತಾ ನೋಡಿ.”